ಕಬ್ಬಿನ ಸೀಸನ್ನಿಗೆ ಮುಂಚೆ ಸೈಕಲ್ಲೊಮ್ಮೆ ತಲೆಕೆಳಗಾಗಲಿ

ಜನವರಿ ತಿಂಗಳು, ವಿಜಯಪುರ. ಗಡಿಯಾರದಲ್ಲಿ ಆರೂ ಕಾಲು. ಹೊರಗೆ ಇನ್ನೂ ಕತ್ತಲು. ಈ ತಿಂಗಳಲ್ಲಿ ನಮ್ಮ ಊರಿಗೆ ಸೂರ್ಯ ಮುಖ ತೋರಿಸೋದು ಹೆಚ್ಚು ಕಡಿಮೆ 7 ಗಂಟೆಗೆ. ಅಷ್ಟರಲ್ಲಿ ಪೇಪರ್ ಹಾಕುವ ಹುಡುಗ ಅರ್ಧ ಓಣಿ ಮುಗಿಸಿರುತ್ತಾನೆ. ಹಾಲಿನವನು ಕ್ಯಾನು ಬಿಗಿದುಕೊಂಡು ಹೊರಟಿರುತ್ತಾನೆ. ಹತ್ತನೇ ತರಗತಿ ಹುಡುಗಿಯರು ಸ್ವೆಟರ್ ಮೇಲೆ ಬ್ಯಾಗು ಏರಿಸಿಕೊಂಡು ಟ್ಯೂಷನ್ನಿಗೆ ಪೆಡಲ್ ತುಳಿಯುತ್ತಿರುತ್ತಾರೆ. ಸೋಲಾಪುರ ರಸ್ತೆಯಲ್ಲಿ ರೇಸಿಂಗ್ ಸೈಕಲ್ಲಿನ ಹುಡುಗರು ಒಬ್ಬರ ಹಿಂದೊಬ್ಬರು ಅಂಟಿಕೊಂಡು ಗಾಳಿ ಸೀಳುತ್ತಾ ಹೋಗುತ್ತಾರೆ. ಸೈಕ್ಲಿಸ್ಟ್‌ಗಳ ಊರು ಅಂತ ವಿಜಯಪುರಕ್ಕೆ ಹೆಸರು ಸುಮ್ನೆ ಬಂದಿಲ್ಲ. ಇವರೆಲ್ಲರ ಪಕ್ಕದಲ್ಲೇ ಒಂದು ಟ್ರ್ಯಾಕ್ಟರು. ಹಿಂದೆ ಎರಡು ಟ್ರಾಲಿ ಕಬ್ಬು. ಹಿಂದಿನ ಲೈಟು? ಅದಿಲ್ಲ.

ನಮ್ಮ ಕಡೆ ಚಳಿಗಾಲದ ಸೈಕಲ್ ಸವಾರಿ ಅಂದರೆ ಇದೇ. ಫಿನ್‌ಲೆಂಡಿನ ಔಲು ಅನ್ನೋ ಊರಲ್ಲಿ ಜನ ಹಿಮದ ಮೇಲೇ ಸೈಕಲ್ ಓಡಿಸುತ್ತಾರೆ. ಚಳಿಗಾಲದ ಸೈಕ್ಲಿಂಗ್ ಬಗ್ಗೆಯೇ ಮಾತಾಡಲು 2013ರಲ್ಲಿ ಅಲ್ಲೊಂದು ಅಂತರರಾಷ್ಟ್ರೀಯ ಸಮ್ಮೇಳನ ಕೂಡ ನಡೆಯಿತು. ಅವರ ತೊಂದರೆಗಳೇ ಬೇರೆ. ಚಕ್ರ ಜಾರದ ಹಾಗೆ ಟೈರಿಗೆ ಸಣ್ಣ ಮೊಳೆ ಬೇಕು. ಹಿಮದ ನಾಡುಗಳಲ್ಲಿ ಮಂಜು ಕರಗಲಿ ಅಂತ ರಸ್ತೆಗೆ ಉಪ್ಪು ಹಾಕುತ್ತಾರೆ, ಆ ಉಪ್ಪು ಚೈನನ್ನು ತಿಂದುಹಾಕುತ್ತದೆ. ನಮಗೆ ಹಿಮವೂ ಇಲ್ಲ, ಉಪ್ಪೂ ಇಲ್ಲ. ನಮಗಿರೋದು ಕತ್ತಲು, ಮುಳ್ಳು, ಧೂಳು ಮತ್ತು ಕಬ್ಬು. ಹಾಗಾಗಿ ಚಳಿಗಾಲಕ್ಕೆ ಮುಂಚೆ ಓಣಿಯ ಜನ ಒಂದು ಭಾನುವಾರ ಕೂಡಿ ಸೈಕಲ್ ರಿಪೇರಿ ಮಾಡಿಕೊಳ್ಳುವ ಪದ್ಧತಿಯನ್ನು ಇಲ್ಲಿಗೆ ತರುವುದಾದರೆ, ನಮ್ಮ ಅಳತೆಗೆ ಹೊಲಿಸಿಕೊಳ್ಳಬೇಕು.

ಪದ್ಧತಿ ತೀರಾ ಹೊಸದೇನಲ್ಲ. 2009ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ರಿಪೇರಿ ಕೆಫೆ ಅಂತ ಶುರುವಾಯಿತು. ಕೆಟ್ಟ ವಸ್ತು ಹಿಡಿದುಕೊಂಡು ಬನ್ನಿ, ಗೊತ್ತಿದ್ದವರ ಪಕ್ಕ ಕೂತು ನೀವೇ ಸರಿ ಮಾಡಿಕೊಳ್ಳಿ ಅನ್ನೋದು ಅದರ ನಿಯಮ. ಸೈಕಲ್ಲಿಗೆ ಇದು ಇನ್ನೂ ಚೆನ್ನಾಗಿ ಒಗ್ಗುತ್ತದೆ, ಯಾಕೆಂದರೆ ಸೈಕಲ್ಲಿನಲ್ಲಿ ಮುಚ್ಚಿಟ್ಟದ್ದು ಏನೂ ಇಲ್ಲ. ಯಾವುದು ಯಾವುದನ್ನು ಎಳೆಯುತ್ತದೆ ಅಂತ ಕಣ್ಣಿಗೇ ಕಾಣುತ್ತದೆ.

ಇದನ್ನು ಉಚಿತ ಸರ್ವಿಸ್ ಕ್ಯಾಂಪ್ ಅಂದುಕೊಂಡರೆ ಕೆಲಸ ಕೆಟ್ಟಿತು. ಕ್ಯಾಂಪಿನಲ್ಲಿ ಸೈಕಲ್ ಬಿಟ್ಟು ಚಹಾ ಕುಡಿಯಲು ಹೋಗುತ್ತೀರಿ, ಬಂದು ತೆಗೆದುಕೊಳ್ಳುತ್ತೀರಿ. ಹದಿನೈದು ದಿನಕ್ಕೆ ಮತ್ತೆ ಅದೇ ಕಥೆ. ಇಲ್ಲಿ ಪಾನಾ ಹಿಡಿಯಬೇಕಾದವರು ಸೈಕಲ್ಲಿನ ಮಾಲೀಕರೇ, ಅವರು 8ನೇ ತರಗತಿ ಹುಡುಗಿಯೇ ಆಗಿರಲಿ. ಬಲ್ಲವರು ಕೈ ಹಿಂದೆ ಕಟ್ಟಿಕೊಂಡು ಪಕ್ಕದಲ್ಲಿ ನಿಲ್ಲಬೇಕು. ಇದು ಹೇಳಿದಷ್ಟು ಸುಲಭ ಅಲ್ಲ. ನಮ್ಮ ಓಣಿಯಲ್ಲಿ ಒಮ್ಮೆ ಮಾಡಿದಾಗ ಹಿರಿಯರೊಬ್ಬರು "ಕೊಡು ಇಲ್ಲಿ" ಅಂತ ಪಾನಾ ಕಸಿದುಕೊಳ್ಳುವುದನ್ನು ತಡೆಯೋದೇ ನನಗೆ ಅರ್ಧ ದಿನದ ಕೆಲಸ ಆಯಿತು.

ಸೈಕಲ್ಲಿಗಂತೂ ಬರ ಇಲ್ಲ. 2006-07ರಿಂದ ಸರ್ಕಾರ 8ನೇ ತರಗತಿ ಮಕ್ಕಳಿಗೆ ಸೈಕಲ್ ಕೊಡುತ್ತಿತ್ತು. ಕೊರೊನಾ ಬಂದಮೇಲೆ ಅದು ನಿಂತಿತು. ಆ ಸೈಕಲ್ಲುಗಳಲ್ಲಿ ಎಷ್ಟೋ ಇನ್ನೂ ದನದ ಕೊಟ್ಟಿಗೆಯಲ್ಲಿ, ಹಿತ್ತಲಲ್ಲಿ, ಮೇವಿನ ಬಣವೆಗೆ ಒರಗಿಕೊಂಡು ನಿಂತಿವೆ. ಹೆಚ್ಚಿನವುಗಳ ರೋಗ ಸಣ್ಣದು. ಪಂಚರ್, ಸವೆದ ಬ್ರೇಕ್ ರಬ್ಬರ್, ತುಕ್ಕು ಹಿಡಿದ ಚೈನು. ಅಷ್ಟೇ.

ನೆಗ್ಗಿಲ ಮುಳ್ಳಿನ ಕಥೆ

ಚಳಿಗಾಲದಲ್ಲಿ ಪಂಚರ್ ಯಾಕೆ ಜಾಸ್ತಿ ಅಂತ ಕೇಳಿದರೆ ಬಹಳ ಜನ ಜಾಲಿ ಮುಳ್ಳಿನ ಕಡೆ ಬೆರಳು ತೋರಿಸುತ್ತಾರೆ. ಜಾಲಿ ವರ್ಷವಿಡೀ ಇದ್ದದ್ದೇ. ನಿಜವಾದ ಕಳ್ಳ ನೆಗ್ಗಿಲು. ಮಳೆಗಾಲದಲ್ಲಿ ನೆಲಕ್ಕೆ ಹಬ್ಬಿಕೊಂಡು, ಸಣ್ಣ ಹಳದಿ ಹೂ ಬಿಟ್ಟು, ಸಾಧು ಹಾಗೆ ಇರುತ್ತದೆ. ಮಳೆ ನಿಂತ ಮೇಲೆ ಬಳ್ಳಿ ಒಣಗಿ, ಕಾಯಿ ಐದು ಚೂರಾಗಿ ಒಡೆದು ರಸ್ತೆ ಅಂಚಿಗೆ ಉದುರುತ್ತದೆ. ಚೂರು ಹೇಗೇ ಬೀಳಲಿ, ಒಂದು ಮುಳ್ಳು ಮೇಲೆ ನೋಡುತ್ತಲೇ ಇರುತ್ತದೆ. ಲಾರಿಗೆ ಹೆದರಿ ಡಾಂಬರು ಬಿಟ್ಟು ಮಣ್ಣಿಗೆ ಇಳಿಯುತ್ತೇವಲ್ಲ, ಅಲ್ಲೇ ಅದು ಕಾಯುತ್ತಿರುತ್ತದೆ.

ಪಂಚರ್ ತೆಗೆಯೋದು ನಮಗೆ ಬರುತ್ತದೆ ಅಂತ ಎಲ್ಲರೂ ಅಂದುಕೊಂಡಿರುತ್ತೇವೆ. ಟ್ಯೂಬಿಗೆ ಗಾಳಿ ಹಾಕಿ ಬಕೆಟ್ ನೀರಿನಲ್ಲಿ ಮುಳುಗಿಸಬೇಕು. ಗುಳ್ಳೆ ಬಂದ ಕಡೆ ಗುರುತು ಮಾಡಿ, ಉಜ್ಜುಕಾಗದದಿಂದ ತಿಕ್ಕಿ, ಸೊಲ್ಯೂಷನ್ ಹಚ್ಚಬೇಕು. ಎಲ್ಲರೂ ತಪ್ಪೋದು ಇದರ ನಂತರ. ಹಸಿ ಸೊಲ್ಯೂಷನ್ ಮೇಲೇ ತೂತು ಮುಚ್ಚುವ ರಬ್ಬರ್ ತುಂಡು ಒತ್ತಿಬಿಡುತ್ತಾರೆ. ಹಚ್ಚಿದ್ದು ಒಣಗಬೇಕು. ಬೆರಳ ಹಿಂಬದಿ ಮುಟ್ಟಿಸಿದರೆ ಅಂಟಬಾರದು. ಸುಮಾರು ಐದು ನಿಮಿಷ ಬೇಕು, ಥಂಡಿ ಇದ್ದರೆ ಇನ್ನೊಂದೆರಡು ಜಾಸ್ತಿ. ಹಸಿ ಇರುವಾಗ ಒತ್ತಿದರೆ ಒಳಗಿನ ದ್ರಾವಕ ಹೊರಗೆ ಹೋಗಲಾರದೆ ಸಿಕ್ಕಿಹಾಕಿಕೊಳ್ಳುತ್ತದೆ. ತುಂಡು ಎರಡು ದಿನಕ್ಕೆ ಅಂಚಿನಿಂದ ಏಳುತ್ತದೆ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಟ್ಯೂಬ್ ನೋಡುತ್ತಾರೆ, ಟೈರ್ ನೋಡೋದಿಲ್ಲ. ಮುಳ್ಳಿನ ತುದಿ ಟೈರಿನ ಒಳಗೇ ಮುರಿದು ಕೂತಿರುತ್ತದೆ. ಟ್ಯೂಬ್ ಹಾಕಿ ಗಾಳಿ ತುಂಬಿ ಅರ್ಧ ಕಿಲೋಮೀಟರ್ ಹೋಗುವಷ್ಟರಲ್ಲಿ ಮತ್ತೆ ಠುಸ್. ಬೆರಳು ಆಡಿಸಿ ಹುಡುಕಿದರೆ ಬೆರಳಿಗೇ ಚುಚ್ಚುತ್ತದೆ, ಎಷ್ಟೋ ಸಲ ಸಿಗೋದೂ ಇಲ್ಲ. ನಾನು ನೋಡಿದ ಒಬ್ಬ ಹಳೆಯ ಮಿಸ್ತ್ರಿ ಇದಕ್ಕೆ ಅರಳೆ ಬಳಸುತ್ತಿದ್ದರು. ದೇವರ ಬತ್ತಿಗೆ ಇಟ್ಟ ಹತ್ತಿಯಲ್ಲಿ ಒಂದು ಚಿಟಿಕೆ ತೆಗೆದುಕೊಂಡು ಟೈರಿನ ಒಳಗೆ ಸುತ್ತಲೂ ಸವರುವುದು. ಕಣ್ಣಿಗೆ ಕಾಣದ ಮುಳ್ಳಿನ ತುದಿಯೂ ಹತ್ತಿಯ ಒಂದು ಎಳೆ ಹಿಡಿದು ನಿಲ್ಲಿಸುತ್ತದೆ. ಆ ಬಿಳಿ ಎಳೆ ಎಲ್ಲಿದೆಯೋ ಅಲ್ಲಿಗೆ ಚಿಮಟ ಹಾಕಿದರೆ ಮುಗೀತು. ಮಕ್ಕಳಿಗೆ ಇದನ್ನು ಒಮ್ಮೆ ತೋರಿಸಿದರೆ ಸಾಕು, ಅವತ್ತಿಡೀ ಊರಿನ ಟೈರುಗಳಿಗೆಲ್ಲಾ ಹತ್ತಿ ಸವರುತ್ತಾ ಕೂರುತ್ತಾರೆ.

ಗಾಳಿಯ ವಿಷಯ ಸ್ವಲ್ಪ. ಥಂಡಿಗೆ ಗಾಳಿ ಕುಗ್ಗುತ್ತದೆ. ಮಧ್ಯಾಹ್ನ 30 ಡಿಗ್ರಿ ಬಿಸಿಲಲ್ಲಿ 40 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ತುಂಬಿದ ಟೈರು, ಮುಂಜಾನೆ 12 ಡಿಗ್ರಿಯಲ್ಲಿ ಸುಮಾರು 37ಕ್ಕೆ ಇಳಿಯುತ್ತದೆ, ತೂತು ಇಲ್ಲದೆಯೇ. ಮೊದಲೇ ಕಡಿಮೆ ಇದ್ದ ಟೈರು ಇನ್ನೂ ಮೆತ್ತಗಾಗುತ್ತದೆ. ತುಳಿಯಲು ಭಾರ, ತಗ್ಗಿಗೆ ಬಿದ್ದರೆ ರಿಮ್ಮು ಟ್ಯೂಬನ್ನು ಕಚ್ಚುತ್ತದೆ. ಎಷ್ಟು ತುಂಬಬೇಕು ಅಂತ ಟೈರಿನ ಪಕ್ಕದಲ್ಲೇ ಬರೆದಿರುತ್ತದೆ, ಆದರೂ ನಾವೆಲ್ಲಾ ಹೆಬ್ಬೆರಳಲ್ಲಿ ಒತ್ತಿ ನೋಡುವವರೇ. ಹಳೇ ದೊಡ್ಡ ಸೈಕಲ್ಲಿನವರು ಇನ್ನೊಂದು ನೋಡಿಕೊಳ್ಳಬೇಕು. ವಾಲ್‌ನ ಸಣ್ಣ ರಬ್ಬರ್ ಕೊಳವೆ ಹಳತಾಗಿ ಬಿರಿದಿದ್ದರೆ, ಪಂಚರ್ ಹುಡುಕಿ ಹುಡುಕಿ ಸುಸ್ತಾಗುತ್ತೀರಿ ಅಷ್ಟೇ. ಮೊದಲು ಅದನ್ನು ಬದಲಿಸಿ.

ಅಡುಗೆ ಮನೆಯ ಎಣ್ಣೆ ಬೇಡ

ಚೈನು ಕಿರ್ರ್ ಅಂದ ಕೂಡಲೇ ಮನೆಯಲ್ಲಿ ಕೈಗೆ ಸಿಗೋದು ಕೊಬ್ಬರಿ ಎಣ್ಣೆ. ಜನವರಿ ಮುಂಜಾನೆ ಆ ಬಾಟಲಿ ನೋಡಿದ್ದೀರಲ್ಲ? ಗಟ್ಟಿಯಾಗಿ ಬೆಳ್ಳಗೆ ಕೂತಿರುತ್ತದೆ. ಸುಮಾರು 24 ಡಿಗ್ರಿಗಿಂತ ಕೆಳಗೆ ಬಂದರೆ ಅದು ಹೆಪ್ಪುಗಟ್ಟುತ್ತದೆ. ಚೈನಿನ ಮೇಲೂ ಅದೇ ಆಗುತ್ತದೆ. ಇನ್ನು ನಮ್ಮ ಕುಸುಬಿ ಎಣ್ಣೆ. ತಿನ್ನಲು ಚಿನ್ನ, ಚೈನಿಗೆ ಶತ್ರು. ಅದು ಗಾಳಿಗೆ ಒಣಗಿ ಪದರ ಕಟ್ಟುವ ಜಾತಿಯ ಎಣ್ಣೆ. ಬಣ್ಣ, ವಾರ್ನಿಷ್ ಮಾಡಲು ಬಳಸೋದೂ ಅದಕ್ಕೇ. ಚೈನಿಗೆ ಹಾಕಿದರೆ ಒಂದೆರಡು ವಾರದಲ್ಲಿ ಬೆಲ್ಲದ ಪಾಕದ ಹಾಗೆ ಅಂಟಾಗುತ್ತದೆ. ಗ್ಯಾರೇಜಿನ ಸುಟ್ಟ ಆಯಿಲ್ ಕೂಡ ಬೇಡ, ಅದರಲ್ಲಿ ಮೊದಲೇ ಲೋಹದ ಪುಡಿ ಇರುತ್ತದೆ.

ಹೊಲಿಗೆ ಯಂತ್ರದ ಎಣ್ಣೆ ಸಾಕು. ಮೊದಲು ಸೀಮೆಎಣ್ಣೆಯಲ್ಲಿ ಅದ್ದಿದ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಚೈನು ತೊಳೆದು ಒರೆಸಬೇಕು. ಒಂದೊಂದು ಕೊಂಡಿಗೆ ಒಂದೊಂದು ಹನಿ. ಪೆಡಲನ್ನು ಹಿಂದಕ್ಕೆ ತಿರುಗಿಸುತ್ತಾ ಹಾಕಿದರೆ ಎರಡು ನಿಮಿಷದ ಕೆಲಸ. ಕೊನೆಗೆ ಬಟ್ಟೆಯಿಂದ ಮೇಲಿನದ್ದೆಲ್ಲಾ ಒರೆಸಿ ತೆಗೆಯಬೇಕು. ಎಣ್ಣೆ ಬೇಕಾದದ್ದು ಕೊಂಡಿಯ ಒಳಗೆ. ಹೊರಗೆ ಉಳಿದ ಎಣ್ಣೆಗೆ ಎರೆಮಣ್ಣಿನ ಧೂಳು ಹತ್ತಿ ಒಳ್ಳೇ ಉಜ್ಜುವ ಪೇಸ್ಟ್ ಆಗುತ್ತದೆ, ಚೈನನ್ನು ಅದೇ ತಿನ್ನುತ್ತದೆ.

ಚೈನು ಎಷ್ಟು ಸವೆದಿದೆ ಅಂತ ತಿಳಿಯಲು ಸ್ಟೀಲ್ ಸ್ಕೇಲ್ ಸಾಕು. ಹೊಸ ಚೈನಿನಲ್ಲಿ ಒಂದು ಪಿನ್ನಿನ ನಡುವಿನಿಂದ ಮುಂದಿನ ಪಿನ್ನಿನ ನಡುವಿಗೆ ಸರಿಯಾಗಿ ಅರ್ಧ ಇಂಚು. 24 ಕೊಂಡಿಗೆ 12 ಇಂಚು ಬರಬೇಕು. ಇಂಚಿನ ಹದಿನಾರನೇ ಒಂದು ಭಾಗ ಜಾಸ್ತಿ ಬಂದರೆ ಚೈನು ಬದಲಿಸಿ. ಎಂಟನೇ ಒಂದು ಭಾಗ ಜಾಸ್ತಿ ಬಂದರೆ ಹಲ್ಲಿನ ಚಕ್ರವೂ ಹೋಗಿದೆ ಅಂತಲೇ ಲೆಕ್ಕ. ಬಟ್ಟೆ ಹೊಲಿಯುವವರ ಟೇಪಿನಲ್ಲಿ ಅಳೆಯಬೇಡಿ, ಅದು ಹಿಗ್ಗುತ್ತದೆ.

ಬ್ರೇಕಿನಲ್ಲಿ ನಮಗೊಂದು ಮೂಢನಂಬಿಕೆ ಇದೆ. ಮುಂದಿನ ಬ್ರೇಕ್ ಹಿಡಿದರೆ ಮುಗ್ಗರಿಸಿ ಬೀಳುತ್ತೇವೆ ಅಂತ ಅಪ್ಪಂದಿರೇ ಮಕ್ಕಳ ಸೈಕಲ್ಲಿನ ಮುಂದಿನ ಬ್ರೇಕ್ ಬಿಚ್ಚಿಸಿರುತ್ತಾರೆ. ನಿಲ್ಲಿಸುವಾಗ ಭಾರವೆಲ್ಲಾ ಮುಂದಿನ ಚಕ್ರಕ್ಕೆ ವಾಲುತ್ತದೆ. ಆದ್ದರಿಂದ ಸೈಕಲ್ಲನ್ನು ಹಿಡಿದು ನಿಲ್ಲಿಸುವ ಶಕ್ತಿ ಜಾಸ್ತಿ ಇರೋದು ಮುಂದಿನ ಬ್ರೇಕಿನಲ್ಲೇ. ಎರಡನ್ನೂ ಒಟ್ಟಿಗೆ, ಮೆಲ್ಲಗೆ ಒತ್ತೋದನ್ನು ಖಾಲಿ ಮೈದಾನದಲ್ಲಿ ಕಲಿಸಬೇಕು. ಇನ್ನೊಂದು, ಸ್ಟೀಲ್ ರಿಮ್ಮು ಒದ್ದೆಯಾದರೆ ರಬ್ಬರ್ ಜಾರುತ್ತದೆ. ಇಬ್ಬನಿ ಬಿದ್ದ ಮುಂಜಾನೆ ಮನೆ ಬಿಟ್ಟ ಕೂಡಲೇ ಬ್ರೇಕನ್ನು ಹಗುರಾಗಿ ಒತ್ತಿಕೊಂಡೇ ನಾಲ್ಕು ಮಾರು ಹೋಗಿ. ರಿಮ್ಮು ಒರೆಸಿದ ಹಾಗಾಗುತ್ತದೆ.

ಪೆಡಲ್ ಬಿಚ್ಚುವ ಮುಂಚೆ ಒಂದು ಮಾತು. ಎಡಗಡೆ ಪೆಡಲಿನ ಥ್ರೆಡ್ಡು ಉಲ್ಟಾ ಇರುತ್ತದೆ. ಇದು ಗೊತ್ತಿಲ್ಲದೆ ಇಬ್ಬರು ಪೈಲ್ವಾನರು ಸೇರಿ ಪಾನಾ ತಿರುಗಿಸಿ ಬಿಚ್ಚುವ ಬದಲು ಬಿಗಿ ಮಾಡಿದ್ದನ್ನು ನೋಡಿದ್ದೇನೆ.

ಕಾಣೋದು ಅಂದರೆ ಏನು

ರಿಪೇರಿ ಮಧ್ಯಾಹ್ನಕ್ಕೆ ಮುಗಿಯುತ್ತದೆ. ಆದರೆ ಕಾರ್ಯಕ್ರಮ ಅಲ್ಲಿಗೇ ಮುಗಿಸಬೇಡಿ. ಮುಖ್ಯ ಪಾಠಕ್ಕೆ ಕತ್ತಲು ಬೇಕು, ಅದಕ್ಕೆ ಸಂಜೆ ಆರೂವರೆ ಏಳರವರೆಗೆ ಕಾಯಬೇಕು. ಒಂದು ಸೈಕಲ್ಲಿಗೆ ಹಿಂದೆ ಕೆಂಪು ಪ್ರತಿಫಲಕ, ಮಡ್‌ಗಾರ್ಡಿಗೆ ಹೊಳೆಯುವ ಟೇಪು ಹಚ್ಚಿ. ಇನ್ನೊಂದನ್ನು ಹಾಗೇ ಬಿಡಿ. ಎರಡನ್ನೂ ನೂರು ಹೆಜ್ಜೆ ದೂರ ನಿಲ್ಲಿಸಿ, ಒಂದೊಂದರ ಪಕ್ಕ ಕಪ್ಪು ಸ್ವೆಟರ್ ಹಾಕಿದ ಹುಡುಗನೊಬ್ಬ ನಿಲ್ಲಲಿ. ಅಪ್ಪ ಅಮ್ಮಂದಿರ ಕೈಗೆ ಬ್ಯಾಟರಿ ಕೊಟ್ಟು, ಕಣ್ಣಿನ ಪಕ್ಕದಲ್ಲೇ ಹಿಡಿದು ನೋಡಲು ಹೇಳಿ. ಒಂದು ಸೈಕಲ್ ಕೆಂಡದ ಹಾಗೆ ಉರಿಯುತ್ತದೆ. ಇನ್ನೊಂದು ಇಲ್ಲವೇ ಇಲ್ಲ. "ನಮ್ಮ ಹುಡುಗ ಎಲ್ಲಿ?" ಅಂತ ಒಬ್ಬ ತಾಯಿ ಕೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಹುಡುಗ ಅಲ್ಲೇ ನಿಂತಿದ್ದ.

ಬ್ಯಾಟರಿಯನ್ನು ಕಣ್ಣಿನ ಪಕ್ಕ ಯಾಕೆ ಹಿಡಿಯಬೇಕು? ಕೋಣೆಯ ಮೂಲೆಗೆ ಚೆಂಡು ಎಸೆದು ನೋಡಿ. ಎರಡು ಗೋಡೆಗೆ ಬಡಿದು ಎಸೆದವನ ಕಡೆಗೇ ವಾಪಸ್ ಬರುತ್ತದೆ. ಪ್ರತಿಫಲಕದ ಒಳಗೆ ಇರೋದು ಅಂಥ ನೂರಾರು ಸಣ್ಣ ಮೂಲೆಗಳು. ಟೇಪುಗಳಲ್ಲೂ ಇದೇ ಮೂಲೆಗಳು ಇರುತ್ತವೆ, ಇಲ್ಲವೇ ಸಣ್ಣ ಗಾಜಿನ ಮಣಿಗಳು. ಬೆಳಕು ಎಲ್ಲಿಂದ ಬಂತೋ ಅಲ್ಲಿಗೇ ತಿರುಗಿ ಹೋಗುತ್ತದೆ. ಹೆಡ್‌ಲೈಟಿನ ಹತ್ತಿರವೇ ಡ್ರೈವರ್ ಕಣ್ಣು ಇರೋದರಿಂದ ಅವನಿಗೆ ಕಾಣುತ್ತದೆ. ನಮ್ಮ ಕಡೆ ಟ್ರಾಲಿಗೂ ಸೈಕಲ್ಲಿಗೂ ಹಳೇ ಸಿಡಿ ಕಟ್ಟುತ್ತಾರೆ. ಸಿಡಿ ಹೊಳೆಯುತ್ತದೆ ನಿಜ, ಆದರೆ ಅದು ಕನ್ನಡಿ. ಬೆಳಕನ್ನು ಇನ್ನೆಲ್ಲಿಗೋ ಎಸೆಯುತ್ತದೆ. ನೇರ ನಿಂತ ಒಂದು ಕ್ಷಣ ಮಿಂಚಿ ಮಾಯ.

ಲೆಕ್ಕವನ್ನೂ ಹೇಳಿಬಿಡುತ್ತೇನೆ. ಗಂಟೆಗೆ 60 ಕಿಲೋಮೀಟರ್ ವೇಗದ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಡ್ರೈವರ್ ನೋಡಿ, ಗಾಬರಿಯಾಗಿ, ಬ್ರೇಕ್ ಮೇಲೆ ಕಾಲಿಡಲು ಒಂದೂವರೆ ಸೆಕೆಂಡ್ ಅಂದರೂ 25 ಮೀಟರ್ ಹೋಯಿತು. ನಿಲ್ಲಲು ಇನ್ನೂ 20-25 ಮೀಟರ್ ಬೇಕು. ಡಿಮ್ ಲೈಟಿನಲ್ಲಿ ಕಪ್ಪು ಸ್ವೆಟರ್ ಕಾಣೋದು ಎಷ್ಟೋ ಸಲ 30 ಮೀಟರ್ ಹತ್ತಿರ ಬಂದಮೇಲೆ. ಉಳಿದದ್ದನ್ನು ನೀವೇ ಕಳೆದು ನೋಡಿ.

ಟೇಪು ಒಂದೇ ತುಂಡು ಇದ್ದರೆ ಪೆಡಲಿಗೆ ಹಚ್ಚಿ, ಇಲ್ಲವೇ ಕಾಲಿನ ಗಿಣ್ಣಿಗೆ ಪಟ್ಟಿ ಕಟ್ಟಿ. ಮೇಲೆ ಕೆಳಗೆ ಆಡುವ ಬೆಳಕು ಅಂದರೆ ಸೈಕಲ್ಲು ಅಂತ ತಲೆಗೆ ಕೂಡಲೇ ಹೊಳೆಯುತ್ತದೆ. ಅಲ್ಲಾಡದೆ ನಿಂತ ಕೆಂಪು ಚುಕ್ಕೆ ರಸ್ತೆ ಬದಿಯ ಕಲ್ಲೂ ಆಗಿರಬಹುದು. ಇಷ್ಟಾದರೂ ಪ್ರತಿಫಲಕಕ್ಕೆ ಸ್ವಂತ ಬೆಳಕಿಲ್ಲ. ಅಡ್ಡ ರಸ್ತೆಯಿಂದ ಬರುವವನಿಗೆ, ಲೈಟೇ ಇಲ್ಲದ ಬೈಕಿನವನಿಗೆ ಅದು ಕಾಣೋದಿಲ್ಲ. ಅದಕ್ಕೆ ಹಿಂದೆ ಒಂದು ಕೆಂಪು ಎಲ್‌ಇಡಿ, ಮುಂದೆ ಒಂದು ಬಿಳಿ ಲೈಟು ಇರಲೇಬೇಕು.

ಕಬ್ಬಿನ ಟ್ರ್ಯಾಕ್ಟರು

ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಬ್ಬಿನ ಜಿಲ್ಲೆಗಳು. ಕಬ್ಬು ನುರಿಸೋದು ನವೆಂಬರ್ ಹೊತ್ತಿಗೆ ಜೋರಾದರೆ ಚಳಿಗಾಲ ಪೂರ್ತಿ ರಸ್ತೆ ಕಬ್ಬಿನ ಟ್ರ್ಯಾಕ್ಟರುಗಳದ್ದೇ. ಟ್ರಾಲಿಯ ಅಗಲಕ್ಕಿಂತ ಕಬ್ಬಿನ ಅಗಲ ಜಾಸ್ತಿ. ಟೇಪ್‌ರೆಕಾರ್ಡರ್ ಹಾಡು ಎಷ್ಟು ಜೋರು ಅಂದರೆ ನಿಮ್ಮ ಬೆಲ್ಲು ಡ್ರೈವರಿಗೆ ಕೇಳೋ ಮಾತೇ ಇಲ್ಲ.

ಮಕ್ಕಳಿಗೆ ಹೇಳಲೇಬೇಕಾದ ಸಂಗತಿ ಎರಡನೇ ಟ್ರಾಲಿ. ಟ್ರ್ಯಾಕ್ಟರು ನಿಮ್ಮನ್ನು ದಾಟುತ್ತದೆ, ಹಿಂದೆ ಒಂದು ಟ್ರಾಲಿ ದಾಟುತ್ತದೆ. ಮುಗೀತು ಅಂತ ಹ್ಯಾಂಡಲ್ ಬಲಕ್ಕೆ ಎಳೆದರೆ ಎರಡನೆಯದು ಬಂದಿರುತ್ತದೆ. ತಿರುವಿನಲ್ಲಂತೂ ಅದು ಮುಂದಿನದ್ದರ ಜಾಡಿನಲ್ಲೇ ಬರೋದಿಲ್ಲ, ಒಳಗೆ ಕತ್ತರಿಸುತ್ತದೆ. ಎರಡೂ ಹೋಗುವವರೆಗೆ ನೇರ ಹೋಗಿ, ಇಲ್ಲವೇ ಇಳಿದು ನಿಲ್ಲಿ. ನೆಗ್ಗಿಲ ಮುಳ್ಳು ಚುಚ್ಚಿದರೆ ಚುಚ್ಚಲಿ.

ಓಡುವ ಟ್ರಾಲಿಯಿಂದ ಕಬ್ಬು ಎಳೆಯೋದು. ಇದನ್ನು ಬೈದು ಹೇಳಿದರೆ ಮಕ್ಕಳು ನಗುತ್ತಾರೆ, ಯಾಕೆಂದರೆ ಬೈಯುವವರೆಲ್ಲಾ ಎಳೆದವರೇ. ನಾನೂ ಎಳೆದಿದ್ದೇನೆ. ಆದರೆ ಸೈಕಲ್ ಮೇಲೆ ಒಂದು ಕೈಯಲ್ಲಿ ಎಳೆಯುವಾಗ ಕಬ್ಬು ಸಿಕ್ಕಿಕೊಂಡರೆ ಅದು ನಿಮ್ಮನ್ನೇ ಚಕ್ರದ ಕಡೆ ಎಳೆಯುತ್ತದೆ. ನಮ್ಮಲ್ಲಿ ಇದಕ್ಕೊಂದು ಉಪಾಯ ಮಾಡಿದೆವು. ಕಾರ್ಯಕ್ರಮದ ದಿನ ಎರಡು ಹೊರೆ ಕಬ್ಬು ತಂದು ಹಾಕಿ, ಎಷ್ಟು ಬೇಕೋ ತಿನ್ನಿ ಅಂದೆವು. ಮಾತು ಕೇಳಿದರೋ ಇಲ್ಲವೋ, ಕಬ್ಬಂತೂ ಖಾಲಿಯಾಯಿತು.

ರಸ್ತೆಗೆ ಬಿದ್ದ ಕಬ್ಬಿನ ರವದಿ, ಅಂದರೆ ಸೋಗೆ, ಒದ್ದೆಯಾದರೆ ಜಾರುತ್ತದೆ. ತೊಗರಿ ರಾಶಿಯನ್ನು ಗಾಡಿಗಳು ತುಳಿಯಲಿ ಅಂತ ಡಾಂಬರಿನ ಮೇಲೆ ಹರವಿರುತ್ತಾರಲ್ಲ, ಅದು ಇನ್ನೂ ಜಾಸ್ತಿ ಜಾರುತ್ತದೆ. ಅದರ ಮೇಲೆ ಬ್ರೇಕ್ ಹಿಡಿದು ಬಿದ್ದ ಗುರುತು ನನ್ನ ಮೊಣಕೈಯಲ್ಲಿದೆ. ರಾಶಿಗೆ ಮುಂಚೆಯೇ ವೇಗ ಇಳಿಸಿ. ಅದರ ಮೇಲೆ ಬ್ರೇಕೂ ಬೇಡ, ತಿರುಗಿಸೋದೂ ಬೇಡ.

ಬಟ್ಟೆಯದ್ದು ಬೇಗ ಹೇಳುತ್ತೇನೆ. ಶಾಲು, ಮಫ್ಲರ್, ವೇಲು ಯಾವುದರ ತುದಿಯೂ ಚಕ್ರದ ಕಡೆ ಜೋತಾಡಬಾರದು. ಮಂಕಿ ಕ್ಯಾಪು ಕಿವಿ ಬೆಚ್ಚಗಿಡುತ್ತದೆ, ಹಿಂದಿನ ಗಾಡಿಯ ಸದ್ದನ್ನೂ ಮುಚ್ಚುತ್ತದೆ. ಹೆಲ್ಮೆಟ್ ಇದ್ದರೆ ಹುಬ್ಬಿನ ಮೇಲೆ ಎರಡು ಬೆರಳು ಜಾಗ ಬಿಟ್ಟು ಹಾಕಿ, ಹಣೆ ಪೂರ್ತಿ ತೆರೆದು ಹಿಂದಕ್ಕೆ ಸರಿಸಿ ಹಾಕಿದರೆ ಏನೂ ಉಪಯೋಗ ಇಲ್ಲ.

ನೀವೂ ಮಾಡುವುದಾದರೆ

ಅಕ್ಟೋಬರ್ ಕೊನೆ ಒಳ್ಳೆಯದು. ಕಾರ್ಖಾನೆ ಚಿಮಣಿ ಹೊಗೆ ಬಿಡುವ ಮುಂಚೆ. ಸಂಕ್ರಮಣದ ಸಿದ್ಧೇಶ್ವರ ಜಾತ್ರೆಗೆ ಮುಂಚೆ ಇನ್ನೊಮ್ಮೆ ಸಣ್ಣದಾಗಿ ಮಾಡಿದರೆ ಇನ್ನೂ ಒಳ್ಳೆಯದು. ಜಾಗಕ್ಕೆ ಬೇವಿನ ಮರ ಸಾಕು. ಗಟ್ಟಿ ಕೊಂಬೆಗೆ ಹಗ್ಗ ಹಾಕಿ ಸೀಟಿನ ಕೆಳಗೆ ಬಿಗಿದು ಎತ್ತಿದರೆ ಸ್ಟ್ಯಾಂಡ್ ತಯಾರು. ಅದೂ ಇಲ್ಲದಿದ್ದರೆ ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿ. ಪಾನಾ, ಸ್ಪೋಕ್ ಕೀಲಿ, ಕಾಲಿನಿಂದ ಒತ್ತುವ ಪಂಪು, ಬಕೆಟ್ಟು, ಹತ್ತಿ. ಟೈರ್ ಬಿಚ್ಚಲು ಚಮಚ ತರುವ ಮಕ್ಕಳನ್ನು ತಡೆಯಿರಿ. ಚಮಚ ಟ್ಯೂಬನ್ನು ಕಚ್ಚುತ್ತದೆ, ಮನೆಯಲ್ಲಿ ಅಮ್ಮ ಬೈಯೋದು ಬೇರೆ.

ಇದೆಲ್ಲ ಮಾಡಿದರೆ ಸೈಕಲ್ ಅಂಗಡಿಯವನ ಹೊಟ್ಟೆ ಮೇಲೆ ಹೊಡೆದ ಹಾಗಲ್ವಾ ಅಂತ ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ನನ್ನ ಲೆಕ್ಕದಲ್ಲಿ ಆ ದಿನದ ಮೊದಲ ಖರ್ಚು ಮಿಸ್ತ್ರಿಯ ಕೂಲಿ. ಅಂಗಡಿ ಬಾಗಿಲು ಹಾಕಿ ಬಂದವರಿಗೆ ದಿನದ ದುಡಿಮೆ ಕೊಡಬೇಕು, ಗುರುವಿನ ಜಾಗದಲ್ಲಿ ಕೂರಿಸಬೇಕು. ಬ್ರೇಕ್ ರಬ್ಬರ್, ಟ್ಯೂಬು, ಚೈನು ಎಲ್ಲವನ್ನೂ ಅವರ ಅಂಗಡಿಯಿಂದಲೇ ತರಿಸಬೇಕು. ಕೊಟ್ಟಿಗೆಯಲ್ಲಿ ಸತ್ತು ಬಿದ್ದಿದ್ದ ಸೈಕಲ್ ಒಮ್ಮೆ ರಸ್ತೆಗೆ ಬಂದರೆ ಮುಂದಿನ ಸಲ ರಿಮ್ಮು ವಕ್ರ ಆದಾಗ ಅದು ಹೋಗೋದು ಅವರ ಹತ್ತಿರವೇ. ಸ್ಪೋಕು ಬಿಗಿದು ಚಕ್ರ ನೇರ ಮಾಡೋದು ಒಂದು ಭಾನುವಾರದಲ್ಲಿ ಯಾರಿಗೂ ಬರೋದಿಲ್ಲ.

ಟೇಪು ಉಳಿದರೆ ಮನೆಗೆ ಒಯ್ಯಬೇಡಿ. ಹೋಗುವ ಕಬ್ಬಿನ ಟ್ರ್ಯಾಕ್ಟರ್ ನಿಲ್ಲಿಸಿ ಕೇಳಿ, ಹೆಚ್ಚಿನವರು ಬೇಡ ಅನ್ನೋದಿಲ್ಲ. ರಾತ್ರಿಯಿಡೀ ನಿದ್ದೆಗೆಟ್ಟು ಓಡಿಸುವವರು ಅವರು, ಹಿಂದಿನಿಂದ ಯಾರಾದರೂ ಬಂದು ಗುದ್ದುವ ಭಯ ಅವರಿಗೂ ಇರುತ್ತದೆ. ಆದರೆ ಟ್ರಾಲಿಯ ಹಿಂಬದಿಗೆ ಟೇಪು ಹಚ್ಚಿ ಪ್ರಯೋಜನ ಇಲ್ಲ. ಧೂಳಿಗೆ ಅಂಟೋದಿಲ್ಲ, ಅಂಟಿದರೂ ಮೇಲಿಂದ ಜೋತುಬಿದ್ದ ಕಬ್ಬು ಅದನ್ನು ಮುಚ್ಚುತ್ತದೆ. ಹಳೇ ಎಣ್ಣೆ ಡಬ್ಬಿಯ ತಗಡು ಕತ್ತರಿಸಿ, ಒರೆಸಿ, ಅದಕ್ಕೆ ಟೇಪು ಹಚ್ಚಿ, ತಂತಿಯಿಂದ ಕೊನೆಯ ಕಬ್ಬಿನ ಕಟ್ಟಿಗೆ ಬಿಗಿಯಿರಿ. ಕಾರ್ಖಾನೆಯಲ್ಲಿ ಇಳಿಸುವ ಮುಂಚೆ ಬಿಚ್ಚಿಕೊಳ್ಳಲು ಡ್ರೈವರಿಗೆ ಎರಡು ಸಲ ಹೇಳಿ, ಇಲ್ಲದಿದ್ದರೆ ತಗಡೂ ಕಬ್ಬಿನ ಜೊತೆ ಗಾಣಕ್ಕೆ ಹೋಗುತ್ತದೆ.